ಕೊನೆಯ ಮಾತಿನ ಸರದಿ

ಇವತ್ತು ಬೆಳಿಗ್ಗೆ ಮಹಡಿಯ ಹಾಲ್ ಗುಡಿಸಲು ಹೋಗಿದ್ದೆ. ಗೋಡೆ ಬೀರುವಿನ ಬಾಗಿಲು ತೆಗೆದರೆ ಹಲಗೆಯ ಮೂಲೆಯಲ್ಲಿ ಒಂದು ಹಸಿರು ಮಾರ್ಕರ್ ಪೆನ್ನು ಬಿದ್ದಿತ್ತು. ಮುಚ್ಚಳ ತೆಗೆದು ಮೂಸಿದೆ. ಮೂಸಬೇಡಿ ಎಂದು ವರ್ಷಗಟ್ಟಲೆ ಮಕ್ಕಳನ್ನು ಗದರಿಸಿದವಳು ನಾನೇ. ಶಾಯಿ ಒಣಗಿಹೋಗಿತ್ತು, ವಾಸನೆ ಮಾತ್ರ ಹಾಗೇ ಇತ್ತು. ಇಂಜೆಕ್ಷನ್ನಿಗೆ ಮೊದಲು ತೋಳಿಗೆ ಒರೆಸುವ ಸ್ಪಿರಿಟ್ಟಿಗೆ ಹೆಚ್ಚು ಹಣ್ಣಾದ ಬಾಳೆಹಣ್ಣು ಕಿವುಚಿ ಹಾಕಿದಂಥ ವಾಸನೆ. ಹೋದ ತಿಂಗಳವರೆಗೂ ಇದು ಮೆಟ್ಟಿಲಿಳಿದು ಬಂದು ನಮ್ಮ ಅಡುಗೆಮನೆಯ ಒಗ್ಗರಣೆಯ ಜೊತೆ ಜಗಳಕ್ಕೆ ನಿಲ್ಲುತ್ತಿತ್ತು. ಸಾರು ಯಾಕೋ ಸರಿಯಿಲ್ಲ ಎಂದು ನಮ್ಮ ಯಜಮಾನರು ಮೂಗು ಮುರಿದಾಗಲೆಲ್ಲ ನಾನು ತಪ್ಪನ್ನು ಮೇಲಿನವರ ಪೆನ್ನಿನ ಮೇಲೆ ಹೊರಿಸುತ್ತಿದ್ದೆ. ಆ ಬಾಡಿಗೆದಾರರು ಮಹಡಿ ಖಾಲಿ ಮಾಡಿದ ಮೇಲೆ ಆ ಅನುಕೂಲ ತಪ್ಪಿದೆ.

ಗೋಕುಲಂನಲ್ಲಿ ಮನೆ ಇದ್ದವರೆಲ್ಲ ಮಹಡಿಯನ್ನು ಯೋಗ ಕಲಿಯಲು ಬರುವ ವಿದೇಶಿಯರಿಗೆ ಕೊಟ್ಟು ಸುಖವಾಗಿದ್ದಾರೆ. ನಾನು ಮಾತ್ರ, ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದ ಹೊಸ ಬಿಸಿಯಲ್ಲಿ, ವಿದ್ಯೆಗೆ ಸಂಬಂಧಪಟ್ಟವರಿಗೇ ಕೊಡುವುದು ಎಂದು ಹಟ ಹಿಡಿದು ಕೂತೆ. ಹಾಗೆ ಹುಡುಕಿಕೊಂಡು ಬಂದವರು ಶೇಖರ್. ಇದು ಅವರ ನಿಜವಾದ ಹೆಸರಲ್ಲ. ಇಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ಯಾರದಾದರೂ ಗುರುತು ಸಿಕ್ಕಿದರೆ ದಯವಿಟ್ಟು ನಿಮ್ಮೊಳಗೇ ಇಟ್ಟುಕೊಳ್ಳಿ.

"ಏನು ಹೇಳ್ಕೊಡ್ತೀರಿ?" ಎಂದು ಕೇಳಿದೆ.

"ನಾಯಕತ್ವ" ಎಂದರು.

"ಅದನ್ನ ಹೇಳ್ಕೊಡೋಕಾಗುತ್ತೇನ್ರೀ?"

"ನಿಮಗೇನನ್ಸುತ್ತೆ ಮೇಡಂ?" ಎಂದರು.

ಪ್ರಶ್ನೆಗೆ ಪ್ರಶ್ನೆಯಲ್ಲಿ ಉತ್ತರ ಕೊಡುವ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇವರನ್ನು ನಿಲ್ಲಿಸುವ ಹಾಗಿರಲಿಲ್ಲ, ವಯಸ್ಸಿನಲ್ಲಿ ನನ್ನ ಓರಗೆಯವರು. ಕೀಲಿಕೈ ಕೊಟ್ಟೆ.

ನನ್ನ ಮಟ್ಟಿಗೆ ನಾಯಕತ್ವವೆಂದರೆ ಒಂದು ಗಂಟೆ, ಒಂದು ಕನ್ನಡಕ. ಗಂಟೆ ಹೊಡೆಸಿದರೆ ಮಕ್ಕಳು ಒಳಗೆ ಬರುತ್ತಿದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರೆ ಮೇಷ್ಟರುಗಳೂ ಒಳಗೆ ಬರುತ್ತಿದ್ದರು. ಇದನ್ನು ಯಾರೂ ನನಗೆ ವರ್ಷಗಟ್ಟಲೆ ಕೂರಿಸಿಕೊಂಡು ಕಲಿಸಿರಲಿಲ್ಲ. ಹಾಗಾಗಿ ಮೇಲಿನವರ ಕೆಲಸವನ್ನು ಮೊದಲಿನಿಂದಲೂ ನಾನು ಸ್ವಲ್ಪ ಓರೆಗಣ್ಣಿನಿಂದಲೇ ನೋಡಿದವಳು. ಅದನ್ನು ಈಗಲೇ ಹೇಳಿಬಿಟ್ಟರೆ ಮುಂದೆ ನಾನು ಹೇಳುವುದರಲ್ಲಿ ಎಷ್ಟು ಕಳೆಯಬೇಕು ಎಂದು ನಿಮಗೇ ತಿಳಿಯುತ್ತದೆ.

ಅವರಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಹಳ್ಳಿಯ ಹೆಂಗಸರು. ಹುಣಸೂರು, ನಂಜನಗೂಡು, ಎಚ್.ಡಿ. ಕೋಟೆ ಕಡೆಯ ಗ್ರಾಮ ಪಂಚಾಯಿತಿಗೆ ಆರಿಸಿ ಬಂದವರು, ಸಂಘ ನಡೆಸುವವರು. ಆರಿಸಿ ಬಂದಿರುತ್ತಿದ್ದರು ನಿಜ, ಆದರೆ ಸಭೆಯಲ್ಲಿ ಮಾತಾಡುವವರು ಗಂಡನೋ ಮೈದುನನೋ ಆಗಿರುತ್ತಿದ್ದರು. ಅಂಥವರಿಗೆ ತಿಂಗಳಿಗೆ ಕೆಲವು ದಿನದ ಹಾಗೆ ವರ್ಷವಿಡೀ ಪಾಠ. ಒಂದು ವರ್ಷದ ಗುಂಪಿಗೆ ಒಂದು ಬ್ಯಾಚ್ ಎನ್ನುತ್ತಿದ್ದರು. ಲಾಭಕ್ಕಲ್ಲದ ಟ್ರಸ್ಟು, ಯಾರ್‍ಯಾರೋ ಪುಣ್ಯಾತ್ಮರು ನೆರವು ಕೊಟ್ಟು ನಡೆಯುತ್ತಿತ್ತು. ನಡೆಸುವವರು ಮೂರೇ ಜನ.

ಮೊದಲನೆಯವರು ಶೇಖರ್. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತಿದ್ದವರು, ಅವಧಿಗೆ ಮುಂಚೆಯೇ ಬಿಟ್ಟು ಬಂದು ಇದನ್ನು ಕಟ್ಟಿದ್ದರು. ಅಂಗಿಯ ಜೇಬಿನ ತಳದಲ್ಲಿ ಯಾವಾಗಲೂ ಒಂದು ಹಸಿರು ಕಲೆ. ದನಿ ಎಷ್ಟು ಮೆಲುವೆಂದರೆ ಕೇಳುವವರು ಮುಂದಕ್ಕೆ ಬಾಗಲೇಬೇಕು, ಬಾಗಿದವರೆಲ್ಲ ನೋಡುವವರಿಗೆ ಭಕ್ತರ ಹಾಗೆ ಕಾಣುತ್ತಿದ್ದರು. ಎರಡನೆಯವನು ಚಂದ್ರು. ಲಷ್ಕರ್ ಮೊಹಲ್ಲಾದಲ್ಲಿ ಅವರ ಮನೆತನದ್ದು ಬ್ಯಾಗು, ಸೂಟ್‌ಕೇಸಿನ ಅಂಗಡಿ. ಯಾವಾಗಲೋ ಒಂದು ದಿನ ಬ್ಯಾಗು ತಲುಪಿಸಲು ಬಂದವನು ಆಟ ಆಡಿಸುವುದನ್ನು ನೋಡುತ್ತಾ ನಿಂತು, ನಿಂತವನು ಅಲ್ಲೇ ಉಳಿದುಕೊಂಡ. ದಪ್ಪ ಆಳು, ದೊಡ್ಡ ದನಿ, ನಾಚಿಕೆಯಿಂದ ಮುದುಡಿದ ಹೆಂಗಸರನ್ನು ಆಟಕ್ಕೆ ಎಬ್ಬಿಸುವುದರಲ್ಲಿ ನಿಸ್ಸೀಮ. ಮೂರನೆಯವಳು ನಾಗರತ್ನ. ಅವಳ ಮಾತು ಆಮೇಲೆ ಹೇಳುತ್ತೇನೆ, ಏಕೆಂದರೆ ಈ ಇಡೀ ಕಥೆ ಅವಳದೇ.

ಪಾಠದ ದಿನ ಬೆಳಗಾದರೆ ಮೇಲೆ ಕುರ್ಚಿ ಎಳೆಯುವ ಸದ್ದು. ಎಲ್ಲ ಕುರ್ಚಿಯೂ ಒಂದೇ ಥರ, ಎಲ್ಲವೂ ದುಂಡಗೆ. ಮೇಜಿಲ್ಲ, ವೇದಿಕೆಯಿಲ್ಲ, ಮುಂದಿನ ಬೆಂಚು ಹಿಂದಿನ ಬೆಂಚು ಎಂಬುದಿಲ್ಲ. ಎದುರುಮನೆಯ ಬಾಡಿಗೆದಾರರು ಕಾಲು ಮೇಲೆ ಮಾಡಿ ನಿಂತರೆ ನಮ್ಮ ಬಾಡಿಗೆದಾರರು ಸುತ್ತ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಮ್ಮ ಯಜಮಾನರಿಗೆ ಎರಡೂ ಒಂದೇ ಯೋಗದ ಬೇರೆ ಬೇರೆ ಆಸನಗಳಂತೆ ತೋರುತ್ತಿದ್ದವು.

ಅಲ್ಲಿ ಯಾರಿಗೂ ಯಾರೂ ಇಂಥದ್ದು ಮಾಡು ಎಂದು ಹೇಳುವ ಹಾಗಿರಲಿಲ್ಲ. ಹೇಳಿದರೆ ಆಜ್ಞೆಯಾಗುತ್ತದಂತೆ. ತಾನಾಗಿಯೇ ಹೊರಗೆ ಬರಬೇಕಂತೆ. ಇದರ ರುಚಿ ನನಗೆ ತಿಳಿದದ್ದು ನೀರಿನ ತೊಟ್ಟಿ ತುಂಬಿ ಹರಿದ ದಿನ. ಮೋಟಾರಿನ ಸ್ವಿಚ್ಚು ಮೇಲಿನ ಹಾಲಿನ ಬಾಗಿಲ ಪಕ್ಕದಲ್ಲೇ ಇದೆ. ಸೂರಿನಿಂದ ನೀರು ಜಲಪಾತದ ಹಾಗೆ ನನ್ನ ಸಂಡಿಗೆಯ ಮೇಲೆ ಬೀಳುತ್ತಿತ್ತು. ಅಂಗಳದಿಂದಲೇ ಕೂಗಿದೆ, ಇನ್ನೊಮ್ಮೆ ಕೂಗಿದೆ. ಕಿಟಕಿಯಲ್ಲಿ ತಲೆಗಳು ಕಾಣುತ್ತಿದ್ದವು, ಎಲ್ಲರೂ ನೀರು ನೋಡುತ್ತಿದ್ದರು, ಸ್ವಿಚ್ಚಿನ ಹತ್ತಿರ ಮಾತ್ರ ಒಂದು ಕೈಯೂ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿ, ಒದ್ದೆ ಕಾಲಲ್ಲೇ ಒಳಗೆ ನುಗ್ಗಿ ಆರಿಸಿದೆ. ಇಡೀ ಹಾಲ್ ಚಪ್ಪಾಳೆ ತಟ್ಟಿತು.

"ನೋಡಿದ್ರಾ" ಎಂದರು ಶೇಖರ್, ಮುಖವೆಲ್ಲ ಅರಳಿ. "ಯಾರಲ್ಲಿ ಹೊರಗೆ ಬರುತ್ತೆ ಅಂತ ಕಾಯ್ತಿದ್ವಿ. ಮೇಡಂ ಅವರಲ್ಲಿ ಬಂತು!"

ನನ್ನ ಸಂಡಿಗೆಯ ಮಾತು ಯಾರೂ ಎತ್ತಲಿಲ್ಲ. ಚಪ್ಪಾಳೆ ಬಿದ್ದ ಮೇಲೆ ಬೈಯುವುದು ಹೇಗೆಂದು ನನಗೂ ಹೊಳೆಯಲಿಲ್ಲ, ಸುಮ್ಮನೆ ಇಳಿದು ಬಂದೆ.

ನಾಗರತ್ನ ಮೊದಲ ಬ್ಯಾಚಿನಲ್ಲಿ ಕಲಿಯಲು ಬಂದವಳು. ಅವಳ ತಾಯಿ ನಂಜನಗೂಡಿನ ಕಡೆಯ ಹಳ್ಳಿಯಿಂದ ಹೂಟಗಳ್ಳಿಗೆ ಬಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು ಮಗಳನ್ನು ಬಿ.ಎ. ಓದಿಸಿದ್ದಳು. ಮನೆಯ ನಡುಗೋಡೆಯ ಮೇಲೆ ಬುದ್ಧನ ಪಟ. ಒಮ್ಮೆ ಅವಳ ಮನೆಗೆ ಊಟಕ್ಕೆ ಹೋದಾಗ ನೋಡಿದ್ದೇನೆ. ಹೂಟಗಳ್ಳಿ ಇನ್ನೂ ಪಂಚಾಯಿತಿ ಆಗಿದ್ದ ಕಾಲದಲ್ಲಿ ಮೀಸಲು ಸ್ಥಾನದಿಂದ ನಿಂತು ಗೆದ್ದಿದ್ದಳು. ಗೆದ್ದವಳಿಗೆ ಕೂರಲು ಜಾಗ ಸಿಗಲಿಲ್ಲ.

"ಕುರ್ಚಿ ಇರ್ತಿತ್ತು ಮೇಡಂ. ಇಲ್ಲ ಅನ್ನಂಗಿಲ್ಲ" ಎಂದಿದ್ದಳು ನನ್ನ ಹತ್ತಿರ. "ಅದ್ರ ಮ್ಯಾಲೆ ಯಾರ್ದಾದ್ರೂ ಒಂದು ಬ್ಯಾಗು ಇರ್ತಿತ್ತು, ಅಷ್ಟೇಯ. ಬ್ಯಾಗ್ ಯಾರ್ದು ಅಂತ ಕೇಳುದ್ರೆ ಯಾರೂ ಮಾತಾಡ್ತಿರ್ನಿಲ್ಲ. ನಾನು ಗೋಡೆಗೆ ಒರಗ್ಕಂಡು ನಿಂತ್ಕತಿದ್ದೆ."

ತರಗತಿಯಲ್ಲಿ ಅವಳ ಭಾಷೆ ಅಚ್ಚುಕಟ್ಟು. ನನ್ನ ಅಡುಗೆಮನೆಗೆ ಬಂದಾಗ ಮಾತ್ರ ಅದು ಚಪ್ಪಲಿಯ ಜೊತೆ ಹೊರಗೇ ಉಳಿದು ಹೂಟಗಳ್ಳಿಯ ಮಾತು ಒಳಗೆ ಬರುತ್ತಿತ್ತು.

ಆ ಅನುಭವದಿಂದ ಅವಳು ಒಂದು ಪಾಠ ಕಟ್ಟಿದಳು. ಎಲ್ಲೂ ಓದಿ ಕಲಿತದ್ದಲ್ಲ, ಅವಳದೇ. ದುಂಡಗೆ ಇಟ್ಟ ಪ್ರತಿ ಕುರ್ಚಿಯ ಮೇಲೂ ಒಂದೊಂದು ಬ್ಯಾಗು ಇಡುವುದು. ಚಂದ್ರುವಿನ ಅಂಗಡಿಯಲ್ಲಿ ಮಾರಾಟವಾಗದೆ ಉಳಿದವು. ಹೊಸದಾಗಿ ಬಂದ ಹೆಂಗಸರಿಗೆ, ಬನ್ನಿ, ಕೂತ್ಕೊಳ್ಳಿ ಎನ್ನುವುದು. ಅವರು ಕೂರುತ್ತಿರಲಿಲ್ಲ. ಕೆಲವರು ನೆಲದ ಮೇಲೆ ಕೂರುತ್ತಿದ್ದರು. ಧೈರ್ಯವಂತೆಯರು ಬ್ಯಾಗನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಯಾರದೋ ಮಗುವನ್ನು ಕಾಯುವವರ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ನಾಗರತ್ನ ಅವರ ಎದುರಿಗೆ ನಿಂತು, "ಕೆಳಗಿಡಿ" ಎನ್ನುತ್ತಿದ್ದಳು. "ನೆಲಕ್ಕಿಡಿ. ಏನೂ ಆಗಲ್ಲ." ಮೊದಮೊದಲು ಬ್ಯಾಗು ಮೆಲ್ಲಗೆ ಇಳಿಯುತ್ತಿತ್ತು. ದಿನ ಕಳೆದ ಹಾಗೆ ದಬ್ ದಬ್ ಎಂದು ಬೀಳುತ್ತಿತ್ತು. ಕೆಳಗೆ ಮಲಗಿದ ನಮ್ಮ ಯಜಮಾನರ ಮಧ್ಯಾಹ್ನದ ನಿದ್ದೆ ಹಾಳಾಗುತ್ತಿತ್ತು. ಒಂದು ಸಲ ನಾನು ಜಗಳಕ್ಕೆಂದೇ ಹತ್ತಿ ಹೋದೆ. ನನಗಿಂತ ವಯಸ್ಸಾದ ಹೆಂಗಸೊಬ್ಬಳು ದೊಡ್ಡ ಕಪ್ಪು ಬ್ಯಾಗನ್ನು ಎತ್ತಿ ಎಸೆದು, ಕುರ್ಚಿಗೆ ಪೂರ್ತಿ ಬೆನ್ನು ಕೊಟ್ಟು ಕೂತು, ಸೆರಗು ಸರಿ ಮಾಡಿಕೊಂಡು ನಕ್ಕಳು. ಜಗಳವಾಡಲು ಮನಸ್ಸಾಗಲಿಲ್ಲ. ಈ ಜನ ಏನೋ ಮಾಡುತ್ತಿದ್ದಾರೆ ಎಂದು ನನಗೆ ಮೊದಲ ಬಾರಿಗೆ ಅನ್ನಿಸಿದ್ದು ಆವತ್ತು.

ಈಗ ಕೊನೆಯ ಮಾತಿನ ಕಟ್ಟಳೆಯ ವಿಷಯ. ಕಾರ್ಖಾನೆಯಲ್ಲಿದ್ದಾಗ ಶೇಖರ್ ಕಂಡಿದ್ದರಂತೆ, ಮೇಲಧಿಕಾರಿ ಮೊದಲು ಬಾಯಿ ತೆಗೆದರೆ ಉಳಿದವರೆಲ್ಲ ಅದನ್ನೇ ತಿರುಗಿಸಿ ಹೇಳುತ್ತಾರೆ. ಅದಕ್ಕೆ ಅವರ ಸುತ್ತಿನಲ್ಲಿ ಒಂದು ನಿಯಮ: ಮುಂದಾಳಾದವನು ಎಲ್ಲರಿಗಿಂತ ಕೊನೆಗೆ ಮಾತಾಡಬೇಕು. ಆತ ಮಾತಾಡಿದ ಮೇಲೆ ಸಭೆ ಮುಗಿಯಿತು, ಇನ್ನು ಯಾರೂ ಬಾಯಿ ತೆಗೆಯುವಂತಿಲ್ಲ. ಬಂದ ಹೆಂಗಸರಿಗೆ ಇದು ಬಹಳ ಹಿಡಿಸುತ್ತಿತ್ತು. ತಮ್ಮ ಊರಿನಲ್ಲಿ ತಮ್ಮ ಸರದಿ ಬರುವ ಹೊತ್ತಿಗೆ ಎಲ್ಲರೂ ಎದ್ದು ಹೋಗಿರುತ್ತಿದ್ದರು, ಇಲ್ಲಿ ದೊಡ್ಡವರೇ ಕಾಯುತ್ತಾರೆ. ನನಗೂ ಅದು ಒಳ್ಳೆಯ ನಿಯಮವಾಗಿಯೇ ಕಂಡಿತು. ಒಂದೇ ಒಂದು ವಿಷಯ ಬಿಟ್ಟರೆ: ಪ್ರತಿ ಸಲವೂ ಕೊನೆಯ ಮಾತು ಶೇಖರ್ ಅವರದೇ ಆಗುತ್ತಿತ್ತು. ಕೊನೆಯ ಮಾತು ಯಾರದೋ ಗೆಲುವೂ ಅವರದೇ ಎಂದು ಮದುವೆಯಾದ ಯಾರಿಗಾದರೂ ಗೊತ್ತು. ಮೇಲಿನವರು ಮಾತ್ರ ಅದನ್ನು ತ್ಯಾಗ ಎಂದು ತಿಳಿದಿದ್ದರು.

ಶೇಖರ್ ತಮ್ಮ ಜಾಗ ಬಿಡುತ್ತೇನೆ ಎಂದು ಹೇಳತೊಡಗಿ ಬಹಳ ಕಾಲವಾಗಿತ್ತು. ನಾಯಕನಾದವನು ಇನ್ನೊಬ್ಬ ನಾಯಕನನ್ನು ತಯಾರು ಮಾಡಿ ಸರಿಯಬೇಕು ಎಂಬುದು ಅವರ ಪಾಠದಲ್ಲೇ ಇತ್ತು. ಪ್ರತಿ ಬ್ಯಾಚಿನ ಕೊನೆಗೂ ಆ ಮಾತು ಎತ್ತುತ್ತಿದ್ದರು, ಸುತ್ತ ಕೂರುತ್ತಿದ್ದರು, ಎಲ್ಲರೂ ಅವರವರ ಅನಿಸಿಕೆ ಹೇಳುತ್ತಿದ್ದರು, ಕೊನೆಗೆ ಶೇಖರ್ ಕನ್ನಡಕ ಒರೆಸಿಕೊಂಡು, "ನೋಡೋಣ, ಇನ್ನೊಂದು ಬ್ಯಾಚ್ ಮುಗೀಲಿ" ಎನ್ನುತ್ತಿದ್ದರು. ಅದಾದ ಮೇಲೆ ಯಾರೂ ಮಾತಾಡುವಂತಿರಲಿಲ್ಲವಲ್ಲ! ಅವರು ಕಪಟಿಯಲ್ಲ. ಏಳಬೇಕೆಂದು ನಿಜವಾಗಿಯೂ ಎಣಿಸುತ್ತಿದ್ದರು, ಏಳಲು ಹೊರಟಾಗ ಮಂಡಿ ಬರುತ್ತಿರಲಿಲ್ಲ. ಸರ್ಕಾರಿ ನೌಕರರಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ, ಯಾವ ದಿನ ಏಳಬೇಕು ಎಂಬುದನ್ನು ಸರ್ಕಾರವೇ ಗೊತ್ತು ಮಾಡಿ ಇಟ್ಟಿರುತ್ತದೆ. ಇಲ್ಲದಿದ್ದರೆ ನಾನು ಈಗಲೂ ಆ ಶಾಲೆಯಲ್ಲಿ ಗಂಟೆ ಹೊಡೆಸುತ್ತಾ ಕೂತಿರುತ್ತಿದ್ದೆನೋ ಏನೋ.

ಆ ಹೊತ್ತಿಗೆ ಎಲ್ಲ ಕೆಲಸವೂ ನಾಗರತ್ನನ ಹೆಗಲ ಮೇಲಿತ್ತು. ಹಳ್ಳಿಗಳಿಗೆ ಓಡಾಡುವುದು, ಗಂಡಂದಿರನ್ನು ಒಪ್ಪಿಸುವುದು, ಪಾಠ ಮಾಡುವುದು, ಹಾಲಿನವನ ಹತ್ತಿರ ಜಗಳವಾಡುವುದು. ಒಂದು ಮಧ್ಯಾಹ್ನ ಕರಿಬೇವು ಕೇಳಿಕೊಂಡು ಕೆಳಗೆ ಬಂದವಳು, ಕೊಟ್ಟ ಮೇಲೂ ಹೋಗದೆ ಬಾಗಿಲಿಗೆ ಒರಗಿ ನಿಂತಳು. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕಾರ್ಮಿಕರ ಕ್ಷೇಮ ನೋಡಿಕೊಳ್ಳುವ ಕೆಲಸಕ್ಕೆ ಕರೆಯುತ್ತಿದ್ದಾರೆ, ತಿಂಗಳ ಕೊನೆಗೆ ಉತ್ತರ ಹೇಳಬೇಕು ಎಂದಳು.

"ಹೋಗ್ತೀಯಾ?" ಎಂದೆ.

"ಈ ಸಲಾನೂ ಸರ್ರು ಇನ್ನೊಂದು ಬ್ಯಾಚ್ ಅಂದ್ರೆ ಓಗ್ಬುಡ್ತೀನಿ ಮೇಡಂ. ಎಷ್ಟು ದಿನ ಅಂತ ಇನ್ನೊಬ್ರ ಮನೇಲಿ ಅಡ್ಗೆ ಮಾಡ್ಲಿ?"

"ಅಲ್ಲ ಕಣೇ, ಇದು ನಿನಗೆ ಬೇಕಾ?"

ಕರಿಬೇವಿನ ಎಲೆಗಳನ್ನು ಒಂದೊಂದಾಗಿ ಬಿಡಿಸಿದಳು. "ಬೇಕು" ಎಂದಳು.

"ಹಾಗಾದ್ರೆ ಕೇಳೋಕೇನು ದಾಡಿ ನಿಂಗೆ? ಊರಿನ ಹೆಂಗಸರಿಗೆಲ್ಲ ಬ್ಯಾಗ್ ಎತ್ತಿ ಎಸೀರಿ ಅಂತೀಯ."

"ಕೇಳುದ್ರೆ ಸರ್ರು ಕೊಟ್ಬುಡ್ತಾರೆ ಮೇಡಂ. ಇಲ್ಲ ಅನ್ನಲ್ಲ, ಒಳ್ಳೇವ್ರು. ಅದ್ಕೇ ಕೇಳಕ್ಕಿಲ್ಲ. ನಮ್ಗೆ ಇಲ್ಲೀಗಂಟ ಬಂದಿದ್ದೆಲ್ಲ ಯಾರೋ ಕೊಟ್ಟಿದ್ದೇಯ. ಕಾನೂನಲ್ಲಿ ನಂದೇ ಅಂತ ಇದ್ದ ಸೀಟ್ಗೂ ಊರೋರು, ನಾವು ಕೊಟ್ವು, ನಾವು ಕೊಟ್ವು ಅಂತ ಈಗ್ಲೂ ಏಳ್ಕಂಡು ತಿರುಗ್ತಾರೆ. ಕ್ಯಾಂಟೀನ್ ಕೆಲ್ಸ ಕೊಡಿಸ್ದೋರ ಮುಂದೆ ನಮ್ಮವ್ವ ಇವತ್ಗೂ ನಿಂತ್ಕಂಡೇ ಮಾತಾಡೋದು. ಕೊಟ್ಟಿದ್ದು ಬ್ಯಾಡ ಮೇಡಂ ನಂಗೆ."

ನಾನು ಶೇಖರ್ ಹತ್ತಿರ ಮಾತಾಡಲೇ ಎಂದೆ. ಕೂಡಲೇ ನನ್ನ ಕೈ ಹಿಡಿದುಕೊಂಡಳು. ಅವಳ ಪರವಾಗಿ ಒಂದು ಮಾತೂ ಆಡುವುದಿಲ್ಲ ಎಂದು ಮಾತು ತೆಗೆದುಕೊಂಡೇ ಹೋದಳು. ನನಗೆ ಸಿಟ್ಟು ಬಂತು. ಬೇಕಾದ್ದನ್ನು ಬೇಕು ಅನ್ನಬಾರದು, ಕೊಟ್ಟರೆ ತೆಗೆದುಕೊಳ್ಳಬಾರದು, ಇದೆಂಥ ನಾಯಕತ್ವವೋ ಎಂದು ಒಲೆಯ ಮುಂದೆ ಗೊಣಗಿಕೊಂಡೆ.

ತಿಂಗಳ ಕೊನೆಯ ಸಭೆಗೆ ಶೇಖರ್ ನನ್ನನ್ನೂ ಕರೆದರು. ಮುಖ್ಯವಾದ ಸಭೆಯಲ್ಲಿ ಯಾರ ಪರವೂ ಅಲ್ಲದ ಹೊರಗಿನವರೊಬ್ಬರು ಇರಬೇಕೆಂಬುದು ಅವರ ಇನ್ನೊಂದು ನಿಯಮ. ಒಲೆಯ ಮೇಲೆ ಕುಕ್ಕರಿನಲ್ಲಿ ಬೇಳೆ ಇಟ್ಟು, ಬೇಗ ಮುಗಿಯುತ್ತದೆ ಎಂದುಕೊಂಡು ಹತ್ತಿ ಹೋದೆ. ನಾವು ಐದು ಜನ. ಅವರು ಮೂವರು, ನಾನು, ಟ್ರಸ್ಟಿನ ಅಧ್ಯಕ್ಷರಾದ ನಿವೃತ್ತ ಡಾಕ್ಟರು. ಡಾಕ್ಟರು ಒಳ್ಳೆಯವರು, ಕುರ್ಚಿಗೆ ಬೆನ್ನು ತಗುಲಿದರೆ ಅವರಿಗೆ ನಿದ್ದೆ.

ಮುಂದೆ ಇದನ್ನು ಯಾರು ನಡೆಸಬೇಕು ಎಂಬುದು ಪ್ರಶ್ನೆ. ಡಾಕ್ಟರಿಂದ ಶುರುವಾಯಿತು.

"ಶೇಖರ್ ಏನು ಹೇಳ್ತಾರೋ ಅದೇ ನನ್ನ ಅಭಿಪ್ರಾಯ" ಎಂದರು.

"ಅವರಿನ್ನೂ ಹೇಳಿಲ್ಲ ಸರ್" ಎಂದ ಚಂದ್ರು.

"ಹೇಳಿದ ಮೇಲೆ" ಎಂದು ಡಾಕ್ಟರು ಕಣ್ಣು ಮುಚ್ಚಿದರು.

ಚಂದ್ರು ತನಗೆ ಅಂಗಡಿಯ ಜವಾಬ್ದಾರಿಯೂ ಇದೆ, ತನ್ನನ್ನು ಬಿಟ್ಟು ಯಾರಾದರೂ ಸರಿ ಎಂದ. ನನ್ನ ಸರದಿ ಬಂತು. ನಾಗರತ್ನನಿಗೆ ಕೊಟ್ಟ ಮಾತು ಅಡ್ಡ ನಿಂತಿತ್ತು. ಯಾರೇ ಮುಖ್ಯಸ್ಥರಾದರೂ ನೀರಿನ ಮೋಟಾರು ಆರಿಸುವವರಾಗಿದ್ದರೆ ಸಾಕು ಎಂದೆ. ಶೇಖರ್ ಅದನ್ನೂ ಗಂಭೀರವಾಗಿ ತಲೆದೂಗಿ ಕೇಳಿದರು. ಆಮೇಲೆ ನಾಗರತ್ನನ ಕಡೆ ತಿರುಗಿದರು.

"ನೀವು ಹೇಳಿ, ನಾಗರತ್ನ."

"ನಾನು ಆಮೇಲೆ ಹೇಳ್ತೀನಿ ಸರ್."

"ಆಮೇಲೆ ಅಂದ್ರೆ?"

"ನಿಮ್ಮದಾದ ಮೇಲೆ."

ಮೊದಲು ಅರ್ಥವಾದದ್ದು ಚಂದ್ರುವಿಗೆ. ಅವನು ತನ್ನ ದೊಡ್ಡ ಮೈಯನ್ನು ಕುರ್ಚಿಯೊಳಗೆ ಮುದುರಿಕೊಂಡು ನೆಲ ನೋಡತೊಡಗಿದ. ಆಮೇಲೆ ನನಗೆ. ಆ ಸುತ್ತಿನಲ್ಲಿ ಕೊನೆಗೆ ಮಾತಾಡುವವರೇ ಮುಂದಾಳು. ಅವಳು ಕೇಳಲಿಲ್ಲ. ಆ ಸರದಿಯ ಮೇಲೆ ಹೋಗಿ ಕೂತುಬಿಟ್ಟಳು.

ಶೇಖರ್ ನಕ್ಕರು. ಕಾಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಸಂಕೋಚದ ಹೆಂಗಸರ ಬಾಯಿಂದ ಒಂದು ಮಾತು ಬರಲಿ ಎಂದು ಅವರು ಎಷ್ಟು ಹೊತ್ತು ಬೇಕಾದರೂ ತುಟಿ ಬಿಚ್ಚದೆ ಕೂರಬಲ್ಲರು, ಎದುರಿನವರು ಆ ಮೌನ ತಡೆಯಲಾರದೆ ಮಾತಾಡಿಬಿಡುತ್ತಿದ್ದರು. ಆದರೆ ಈಗ ಎದುರಿಗೆ ಕೂತಿದ್ದವಳು ಆ ವಿದ್ಯೆಯನ್ನು ಅವರಿಂದಲೇ ಕಲಿತವಳು. ಮೊಣಕಾಲ ಮೇಲೆ ಕೈ ಜೋಡಿಸಿಕೊಂಡು, ಅವರ ಮುಖವನ್ನೇ ನೋಡುತ್ತಾ ಕೂತಳು. ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಹೊರಗೆ ಯಾರೋ ವಿದೇಶಿ ಹುಡುಗಿ ಎಳನೀರಿನವನ ಹತ್ತಿರ ತನಗೆ ಬಂದಷ್ಟು ಕನ್ನಡದಲ್ಲಿ ಚೌಕಾಶಿ ಮಾಡುತ್ತಿದ್ದಳು. ಕೆಳಗೆ ನನ್ನ ಕುಕ್ಕರ್ ಕೂಗಿತು. ಮತ್ತೆ ಕೂಗಿತು. ಏಳುವ ಹಾಗಿಲ್ಲ, ನಾನು ಎದ್ದರೆ ಆ ಗದ್ದಲದಲ್ಲಿ ಎಲ್ಲವೂ ಚದುರಿ ಹೋಗುತ್ತದೆ ಎಂದು ತಿಳಿಯುತ್ತಿತ್ತು. ಜೀವನದಲ್ಲಿ ಮೊದಲ ಬಾರಿಗೆ ಬೇಳೆ ಹೊತ್ತಿಹೋಗಲಿ ಎಂದು ಬಿಟ್ಟು ಕೂತೆ. ಆ ಮೌನ ಎಷ್ಟು ಬೆಳೆಯಿತೆಂದರೆ ಡಾಕ್ಟರು ಎಚ್ಚರಗೊಂಡು, "ಮುಗೀತಾ?" ಎಂದರು.

ಕನ್ನಡಕ ತೆಗೆದು ಒರೆಸಿಕೊಂಡವರು ಶೇಖರ್. ಹಾಕಿಕೊಂಡರು, ಮತ್ತೆ ತೆಗೆದರು. "ನನಗೆ ಅನ್ಸೋದು..." ಎಂದು ಶುರು ಮಾಡಿದರು.

ಬಹಳ ಹೊತ್ತು ಮಾತಾಡಿದರು. ಸಂಸ್ಥೆ ಇನ್ನೂ ಎಳೆಯದು, ಅವಸರ ಒಳ್ಳೆಯದಲ್ಲ, ಎಲ್ಲರೂ ಸೇರಿ ನಡೆಸುವುದೇ ನಮ್ಮ ರೀತಿ, ಇನ್ನೊಂದು ಬ್ಯಾಚ್ ನೋಡೋಣ. ಮಾತು ಮುಗಿಸಿ, ರೂಢಿಯಂತೆ ಎರಡೂ ಕೈಯನ್ನು ಮಂಡಿಯ ಮೇಲೆ ಊರಿದರು, ಸಭೆ ಮುಗಿಯಿತು ಎಂಬಂತೆ. ಆಗ ನಾಗರತ್ನ ಬಾಯಿ ತೆಗೆದಳು.

"ಎಲ್ಲರ ಮಾತೂ ಕೇಳಿಸ್ಕೊಂಡೆ. ಮುಂದಿನ ಬ್ಯಾಚಿಂದ ಇದನ್ನ ನಾನು ನಡೆಸ್ತೀನಿ. ಸರ್ ಪಾಠಕ್ಕೆ ಬರ್ತಾರೆ, ನಾವು ಕರೆದಾಗ. ಚಂದ್ರು, ಕುರ್ಚಿ ಎತ್ತಿಡೋಣ ಬಾ."

ಎದ್ದು ನಿಂತಳು. ಶೇಖರ್ ಏನೋ ಹೇಳಲು ಬಾಯಿ ತೆಗೆದರು. ಬೇರೆ ಯಾವ ಆಫೀಸಿನಲ್ಲಾದರೂ ಅಲ್ಲಿಂದ ವಾದ ಶುರುವಾಗುತ್ತಿತ್ತು. ಇಲ್ಲಿ ಕೊನೆಯ ಮಾತಿನ ಮೇಲೆ ಮಾತಿಲ್ಲ, ಆ ಕಟ್ಟಳೆ ಮಾಡಿದವರೂ ಅವರೇ. ತೆಗೆದ ಬಾಯನ್ನು ಮುಚ್ಚಿದರು. ಡಾಕ್ಟರು, "ಸಂತೋಷ" ಎಂದು ಎದ್ದು ಚಪ್ಪಲಿ ಹುಡುಕತೊಡಗಿದರು.

ನಾನು ಓಡಿ ಬಂದು ಒಲೆ ಆರಿಸಿದೆ. ಬೇಳೆ ಕಪ್ಪಗಾಗಿತ್ತು. ಇದಕ್ಕೂ ಮೇಲಿನವರೇ ಕಾರಣವೋ ಎಂದು ಯಜಮಾನರು ಕೇಳಿದರು. ಈ ಸಲ ನಿಜವಾಗಿಯೂ ಅವರೇ ಎಂದೆ.

ಸ್ವಲ್ಪ ಹೊತ್ತಿಗೆ ಶೇಖರ್ ಇಳಿದು ಬಂದು ಗೇಟಿನ ಹತ್ತಿರ ಸ್ಕೂಟರಿಗೆ ಚಾರ್ಟುಗಳ ಸುರುಳಿ ಕಟ್ಟುತ್ತಿದ್ದರು. ದಾರ ಗಂಟಾಗುತ್ತಿರಲಿಲ್ಲ. ನಾನು ಹೋಗಿ ಹಿಡಿದುಕೊಂಡೆ.

"ಇನ್ನೂ ಸ್ವಲ್ಪ ಹೊತ್ತು ಸುಮ್ನಿದ್ದಿದ್ರೆ ಏನಾಗ್ತಿತ್ತು ಮೇಡಂ?" ಎಂದರು.

"ಇರೋಕಾಗ್ಲಿಲ್ವಲ್ಲ ನಿಮಗೆ" ಎಂದೆ.

"ಇಲ್ಲ" ಎಂದರು. "ಆಗ್ಲಿಲ್ಲ."

ನನಗೆ ಅವರ ಮೇಲೆ ಮರುಕ ಬಂತು. ಅದುವರೆಗೆ ನಾನು ನಾಗರತ್ನನ ಕಡೆಗೇ ಇದ್ದವಳು, ಅವಳು ಗೆದ್ದದ್ದಕ್ಕೆ ಒಳಗೊಳಗೇ ಕುಣಿಯುತ್ತಿದ್ದವಳು. ಆದರೂ ಆ ಹೊತ್ತಿನಲ್ಲಿ ಹಸಿರು ಕಲೆಯ ಜೇಬಿನ ಆ ಮನುಷ್ಯನ ಸುರುಳಿಗೆ ಒಂದು ಗಂಟು ಹೆಚ್ಚಾಗಿಯೇ ಹಾಕಿಕೊಟ್ಟೆ.

ಬೀಳ್ಕೊಡುಗೆಯ ದಿನ ಯಾರೋ ಭಾಷಣಕಾರರು ಶೇಖರ್ ಅವರ ದೊಡ್ಡ ಮನಸ್ಸನ್ನು ಹೊಗಳಿದರು. ತಾನೇ ಕಟ್ಟಿದ್ದನ್ನು ಇನ್ನೊಬ್ಬರಿಗೆ, ಅದರಲ್ಲೂ ಹಿಂದುಳಿದ ಹೆಣ್ಣುಮಗಳೊಬ್ಬಳಿಗೆ, ತಾನಾಗಿಯೇ ಬಿಟ್ಟುಕೊಟ್ಟರು ಎಂದರು. ಶೇಖರ್ ತಲೆ ತಗ್ಗಿಸಿದರು. ನಾನು ಚಂದ್ರುವಿನ ಮುಖ ನೋಡಿದೆ, ಅವನು ಸೀಲಿಂಗ್ ನೋಡುತ್ತಿದ್ದ. ಇನ್ನೊಂದು ಸಮಾರಂಭದಲ್ಲಿ ಅದೇ ಮಾತು ಬಂದಾಗ ಶೇಖರ್ ಮುಗುಳ್ನಕ್ಕರು. ವರ್ಷ ಕಳೆಯುವಷ್ಟರಲ್ಲಿ ಬಿಟ್ಟುಕೊಡುವುದೇ ನಿಜವಾದ ನಾಯಕತ್ವ ಎಂದು ಕಾಲೇಜುಗಳಲ್ಲಿ ಉಪನ್ಯಾಸ ಮಾಡತೊಡಗಿದರು. ಸುಳ್ಳು ಹೇಳುತ್ತಾರೆಂದು ನನಗನ್ನಿಸುವುದಿಲ್ಲ. ಎಷ್ಟೋ ಸಲ ಕೇಳಿದ ಮೇಲೆ ಅವರಿಗೆ ಅದೇ ನಡೆದಂತೆ ನೆನಪಾಗಿರಬೇಕು. ಗೇಟಿನ ಹತ್ತಿರದ ಮಾತು ನನಗಷ್ಟೇ ಉಳಿಯಿತು.

ನಾಗರತ್ನ ಅಚ್ಚುಕಟ್ಟಾಗಿ ನಡೆಸಿದಳು. ಸುತ್ತ ಕೂರುವುದನ್ನು ಉಳಿಸಿಕೊಂಡಳು, ಬ್ಯಾಗನ್ನು ಉಳಿಸಿಕೊಂಡಳು. ಕೊನೆಯ ಮಾತಿನ ಕಟ್ಟಳೆ ತೆಗೆದು, ಯಾರಿಗೆ ಏನು ಬೇಕೋ ಅದನ್ನು ಮೊದಲೇ ಹೇಳಿಬಿಡಿ ಎಂಬ ಹೊಸ ಕಟ್ಟಳೆ ಮಾಡಿದಳು. ಹೋದ ತಿಂಗಳು ಹೂಟಗಳ್ಳಿಯಲ್ಲಿ ಸ್ವಂತ ಜಾಗಕ್ಕೆ ಹೋದರು. ನನ್ನ ಹಟವೂ ಇಳಿದಿದೆ. ಮುಂದಿನ ವಾರ ಮಹಡಿಗೆ ಯೋಗ ಕಲಿಯುವ ಒಂದು ಜೋಡಿ ಬರುತ್ತದೆ.

ಇವತ್ತು ಬೆಳಿಗ್ಗೆ ನಾನು ಗುಡಿಸಿ ಮುಗಿಸುವ ಹೊತ್ತಿಗೆ ಚಂದ್ರುವಿನ ಟೆಂಪೋದಲ್ಲಿ ನಾಗರತ್ನ ಬಂದಳು, ಉಳಿದ ಕುರ್ಚಿಗಳನ್ನು ಒಯ್ಯಲು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಭಾನುವಾರ ಹೊಸ ಜಾಗದಲ್ಲಿ ಶೇಖರ್ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದಾರಂತೆ. ಹಳೆಯ ಬ್ಯಾಚಿನ ಹೆಂಗಸರೆಲ್ಲ ಬರುತ್ತಾರಂತೆ. ನಾನೂ ಬಂದು ನಾಲ್ಕು ಮಾತಾಡಬೇಕೆಂದಳು.

"ಬರ್ತೀನಿ" ಎಂದೆ. "ಬಂದು ನಿಜ ಹೇಳ್ತೀನಿ. ಆ ಬಿಟ್ಟುಕೊಟ್ಟ ಕಥೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಯಾರೂ ಕೊಡ್ಲಿಲ್ಲ, ಅವಳೇ ತಗೊಂಡ್ಲು, ನಾನೇ ಕಣ್ಣಾರೆ ನೋಡಿದ್ದೀನಿ ಅಂತೀನಿ. ಆ ಹೆಂಗಸರಿಗೂ ಗೊತ್ತಾಗ್ಲಿ."

ಅವಳು ಮೆಟ್ಟಿಲ ಮೇಲೆ ನನಗಿಂತ ಕೆಳಗೆ, ಎರಡೂ ಕೈಯಲ್ಲಿ ಕುರ್ಚಿ ಹಿಡಿದು ನಿಂತಿದ್ದಳು. ಕುರ್ಚಿ ಕೆಳಗಿಟ್ಟಳು.

"ಅದ ಹೇಳ್ಬ್ಯಾಡಿ ಮೇಡಂ. ಸರ್ ಕೊಟ್ರು ಅಂತ್ಲೇ ಹೇಳಿ."

"ಕೊಟ್ಟಿದ್ದು ಬೇಡ ಅಂದವಳು ನೀನೇ ಅಲ್ವೇನೇ?"

"ಅವತ್ತು ನಾನೇ ತಕ್ಕಳ್ಬಲ್ಲೆ ಅಂತ ನಂಗೆ ಗೊತ್ತಾಗ್ಬೇಕಿತ್ತು, ಗೊತ್ತಾಯ್ತು. ಆ ಹೆಂಗಸ್ರಿಗೆ ನಾನೇ ಹೇಳಿವ್ನಿ, ಒಬ್ಬೊಬ್ರಿಗೂ. ಸರ್ ಮುಂದ್ಗಡೆ ಕೂತಿರ್ತಾರೆ. ಅವ್ರಿಗೆ ಮನೇಲಿ ಬ್ಯಾರೇನೂ ಇಲ್ಲ ಈಗ, ಅದೊಂದು ಮಾತ್ನ ಇಟ್ಕಂಡು ಕೂತವ್ರೆ. ತೆಗೀಬ್ಯಾಡಿ ಅದ್ನ."

"ಸುಳ್ಳು ಹೇಳ್ಲಾ ನಾನು? ಹೆಡ್‌ಮಿಸ್ಟ್ರೆಸ್ಸು?"

"ಹೂಂ. ಹೇಳಿ" ಎಂದಳು. ಕುರ್ಚಿ ಎತ್ತಿಕೊಂಡು ಇಳಿದು ಹೋದಳು.

ಟೆಂಪೋ ತಿರುವು ದಾಟಿದ ಮೇಲೂ ನಾನು ಪೊರಕೆ ಹಿಡಿದು ಮೆಟ್ಟಿಲ ಮೇಲೆಯೇ ನಿಂತಿದ್ದೆ. ಇಡೀ ಶಾಲೆಯನ್ನು ನಡೆಸಿದವಳು ನಾನು, ಶಿಕ್ಷಣ ಇಲಾಖೆಯ ಡಿ.ಡಿ. ಆಫೀಸಿನವರು ಹೇಳಿದ್ದಕ್ಕೂ ಒಂದು ಎದುರು ಮಾತು ಇಟ್ಟುಕೊಂಡಿರುತ್ತಿದ್ದೆ. ನನ್ನ ಮಗಳ ವಯಸ್ಸಿನವಳೊಬ್ಬಳು ನನ್ನ ಮನೆಯ ಮೆಟ್ಟಿಲಿನಲ್ಲಿ ನಿಂತು ಸುಳ್ಳು ಹೇಳಿ ಎಂದಿದ್ದಳು, ನಾನು "ಆಯ್ತಮ್ಮ" ಎಂದಿದ್ದೆ.